ಶ್ರುತಿಮನೆಯ ತಂತಿಪೆಟ್ಟಿಗೆ

ಬಹಳ ಹಿಂದೆ, ಅರಮನೆಯ ಬಾಗಿಲು ಕೀಲಿಗಲ್ಲ, ನಾದಕ್ಕೆ ತೆರೆಯುತ್ತಿದ್ದ ಕಾಲದಲ್ಲಿ, ಹೇಮಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಶ್ರುತಿಮನೆಯವರು ಬಂದರೆ ರಾಜನೂ ಎದ್ದು ನಿಲ್ಲುತ್ತಿದ್ದ. ಏಳು ತಲೆಮಾರಿನಿಂದ ಅವರು ಮುಂಜಾನೆ ಶ್ರುತಿ ಹಿಡಿದರೇನೇ ಹೆಬ್ಬಾಗಿಲು ತೆರೆಯುತ್ತಿದ್ದದ್ದು. ಒಂದು ದಿನವೂ ತಪ್ಪಿರಲಿಲ್ಲ. ಅವರು ಯಾರ ಮುಂದೆಯೂ ಕೈಚಾಚಿದವರಲ್ಲ. ಯಾರೊಡನೆಯೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರಲ್ಲ.

ಆ ಮನೆಯ ಯಜಮಾನಿ ಚೆಲುವಾಜಮ್ಮಣ್ಣಿ.

ಒಂದು ದಿನ ಮೌನಾಸುರನೆಂಬ ಮಾಂತ್ರಿಕ ಆ ಶ್ರುತಿಯನ್ನು ನುಂಗಿಬಿಟ್ಟ. ಆಮೇಲೆ ಯಾರು ಗಟ್ಟಿಯಾಗಿ ಶ್ರುತಿ ಹಿಡಿದರೂ ಅದು ಅವನ ಹೊಟ್ಟೆಯನ್ನೇ ಸೇರುತ್ತಿತ್ತು. ಹೆಬ್ಬಾಗಿಲು ಮುಚ್ಚಿತು. ಒಳಗೆ ರಾಜ, ಮಂತ್ರಿ, ಮತ್ತು ರಾಜಕುಮಾರಿಗೆ ಹಾಡು ಕಲಿಸಲು ಹೋಗಿದ್ದ ಅಮ್ಮಣ್ಣಿಯ ಒಬ್ಬಳೇ ಮಗಳು ಮಂದಾಕಿನಿ.

"ಶ್ರುತಿಮನೆಯವರು ತೂಕಡಿಸಿ ಶ್ರುತಿ ಕಳೆದರು!" ಎಂದು ಮಂತ್ರಿ ಕೋಟೆಯ ಮೇಲಿನಿಂದ ಕೂಗಿದ.

ಊರು ನಂಬಿತು. ಅಮ್ಮಣ್ಣಿಯ ಅಂಗಳವನ್ನು ಯಾರೂ ತುಳಿಯಲಿಲ್ಲ. ಆಕೆ ದಿನವೂ ಎರಡು ಎಲೆ ಹಾಕಿ, ಒಂದರಲ್ಲಿ ಉಣ್ಣುತ್ತಿದ್ದಳು. ಮಾತಿಗೆ ಗೋಡೆಯ ಹಲ್ಲಿಯೊಂದೇ ಜೊತೆ.

ವರ್ಷ ಕಳೆಯಿತು. ಒಬ್ಬ ಯಕ್ಷ ಬಂದು ಜಗಲಿಯ ಮೇಲೆ ಪೆಟ್ಟಿಗೆಯೊಂದನ್ನು ಇಟ್ಟ.

"ಅಮ್ಮಣ್ಣಿ, ನೀವೇ ತಂತಿ ಜೋಡಿಸಿ ಎಬ್ಬಿಸಿದ ನಾದವನ್ನು ಯಾವ ಮಾಂತ್ರಿಕನೂ ನುಂಗಲಾರ. ಮೂರು ಸಲ ಜೋಡಿಸಬಹುದು. ಮೂರನೆಯದೂ ತಪ್ಪಿದರೆ ಪೆಟ್ಟಿಗೆ ಬೂದಿ."

ಆಕೆ ಪೆಟ್ಟಿಗೆಯನ್ನು ಹೆಬ್ಬಾಗಿಲ ಮುಂದೆ ಬಿಚ್ಚಿದಳು. ಹಲ್ಲಿಯೂ ಸೆರಗು ಹಿಡಿದು ಬಂದಿತ್ತು. ಒಳಗೆ ಮೂರು ಪುಟ್ಟ ಹಲಗೆಗಳು: ಒಂದು ಗುಂಯ್‌ಗುಡುವುದು, ಒಂದು ಆ ನಾದವನ್ನು ಸೋಸುವುದು, ಒಂದು ಹೊರಗೆ ಸಾರುವುದು. ಪ್ರತಿ ಹಲಗೆಗೂ ಒಂದು ಬಾಯಿ, ಒಂದು ಕಿವಿ. ಜೊತೆಗೆ ನಾದವನ್ನು ಏರಿಳಿಸುವ ತಿರುಪು, ಮಿಂಚು ತುಂಬಿದ ಕುಡಿಕೆ, ಹಿಡಿಯಷ್ಟು ತಂತಿ.

"ನಮ್ಮ ಮನೆಯವರು ಕೊಡುವವರು, ಪಡೆಯುವವರಲ್ಲ" ಎಂದು ಆಕೆ ಬಾಯಿಗಳನ್ನು ಬಾಯಿಗಳಿಗೇ ಜೋಡಿಸಿದಳು. ಪೆಟ್ಟಿಗೆ ಪಿಟ್ಟೆನ್ನಲಿಲ್ಲ.

"ಎಲ್ಲರೂ ಹೇಳುವವರೇ ಆದರೆ ಕೇಳುವವರು ಯಾರು, ಅಮ್ಮಣ್ಣಿ?" ಎಂದಿತು ಹಲ್ಲಿ.

"ಹಲ್ಲಿಯಿಂದ ಪಾಠ ಹೇಳಿಸಿಕೊಳ್ಳುವ ಗತಿ ಬಂತೆ ನನಗೆ!" ಎನ್ನುತ್ತಲೇ ಆಕೆ ಬಾಯಿಯನ್ನು ಕಿವಿಗೆ ಜೋಡಿಸಿದಳು. ಆದರೆ ಮಿಂಚು ಮರಳುವ ಕರಿ ತಂತಿಗಳನ್ನು ಒಂದೊಂದು ಬೇರೆ ಗೂಟಕ್ಕೆ ಕಟ್ಟಿದಳು. ಚಟಪಟ ಎಂದು ಕಿಡಿ ಹಾರಿ ಎಲ್ಲ ತಣ್ಣಗಾಯಿತು.

"ತಂತಿಗಳಲ್ಲೂ ಪಂಕ್ತಿಭೇದವೇ? ಕರಿಯವೆಲ್ಲ ಒಂದೇ ಸಾಲಿಗೆ ಸೇರಿ ಕುಡಿಕೆಗೆ ಮರಳಬೇಕು" ಎಂದಿತು ಹಲ್ಲಿ.

ಅಮ್ಮಣ್ಣಿ ಗೂಟಗಳಿಂದ ತಂತಿ ಬಿಚ್ಚಿದಳು. ಮೂರನೆಯ ಸಲ ಕರಿ ತಂತಿಗಳನ್ನೆಲ್ಲ ಸೇರಿಸಿ ಒಂದೇ ಗಂಟು ಹಾಕಿ ಕುಡಿಕೆಗೆ ಕಟ್ಟಿದಳು. ಗುಂಯ್ ಎಂದಿತು! ಆದರೆ ಬಾಗಿಲು ಮಿಸುಕಲಿಲ್ಲ. ತಿರುಪನ್ನು ಮೇಲೆ ತಿರುಗಿಸಿದಳು, ಕೆಳಗೆ ತಿರುಗಿಸಿದಳು. ತನ್ನ ಮನೆಯ ಶ್ರುತಿ ಎಲ್ಲಿ ನಿಲ್ಲುತ್ತಿತ್ತೆಂಬುದೇ ಮರೆತುಹೋಗಿತ್ತು. ಪೆಟ್ಟಿಗೆಯ ಮೂಲೆ ಬೂದಿಯಾಗತೊಡಗಿತು.

ಆಕೆ ಬಾಗಿಲಿಗೆ ಕಿವಿ ಇಟ್ಟಳು. ನಾದ ಕೇಳಿ ಮಗಳು ಬಾಗಿಲ ಆಚೆಗೆ ಓಡಿಬಂದ ಗೆಜ್ಜೆಸದ್ದು ಕೇಳಿಸಿತು. "ಮಂದಾಕಿನಿ, ಶ್ರುತಿ ನೆನಪಾಗುತ್ತಿಲ್ಲ. ಮೆಲ್ಲಗೆ ಗುನುಗಿ ತೋರಿಸು, ಮಗಳೇ. ಬೇಡಿಕೊಳ್ಳುತ್ತೇನೆ."

"ಅಮ್ಮಾ? ನೀನು ಬೇಡುತ್ತಿದ್ದೀಯಾ?"

"ಹೂಂ. ಬೇಗ."

ಮಾಂತ್ರಿಕನಿಗೂ ಕೇಳಿಸದಷ್ಟು ಸಣ್ಣ ಗುನುಗು ಬಂತು. ಅಮ್ಮಣ್ಣಿ ಕೂದಲೆಳೆಯಷ್ಟು ತಿರುಪಿದಳು. ಎರಡು ನಾದವೂ ಒಂದಾದವು. ಹೊಸ ನಾದ ಕೇಳಿದ್ದೇ ತಡ, ಮಾಂತ್ರಿಕನ ಹೊಟ್ಟೆಯಲ್ಲಿದ್ದ ಹಳೆಯ ಶ್ರುತಿ ಹೊರಗೆ ಹಾರಿತು. ಅವನು ಖಾಲಿ ಚೀಲದಂತೆ ಕುಸಿದು ಗಾಳಿಗೆ ತೂರಿಹೋದ. ಹೆಬ್ಬಾಗಿಲು ತೆರೆಯಿತು. ತಾಯಿಮಗಳು ತಬ್ಬಿಕೊಂಡರು.

ಆ ದಿನ ರಾಜ್ಯವೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿತು. ಅಮ್ಮಣ್ಣಿಯೂ ಕುಳಿತಳು. ಪಕ್ಕದ ಎಲೆ ಮಗಳದು. ಎಲ್ಲರೂ ಸುಖವಾಗಿದ್ದರು. ಮಂತ್ರಿಯೇ ಪಾಯಸದ ಪಾತ್ರೆ ಹಿಡಿದು ನಗುತ್ತ ಬಂದ.

"ನಾನು ಆಗಲೇ ಹೇಳಿದ್ದೆ, ಶ್ರುತಿಮನೆಯವರೆಂದರೆ ಸಾಮಾನ್ಯರಲ್ಲ ಅಂತ!"

ಹಲ್ಲಿ ಕಂಬದ ಮೇಲಿತ್ತು. ಅದು ಲೊಚಗುಟ್ಟಲಿಲ್ಲ.

ಚೆಲುವಾಜಮ್ಮಣ್ಣಿ ಎಲೆಗೆ ಕೈ ಅಡ್ಡ ಹಿಡಿದಳು.

"ಮೊದಲು ಕ್ಷಮೆ ಕೇಳಿ."