ನೆತ್ತಿಗಂಬಳಿ ಕಳವಿನ ಪ್ರಕರಣ

ಜನವರಿ ಹದಿನಾಲ್ಕರ ಬೆಳಿಗ್ಗೆ ಮುದುಕಿ ದುಲ್ಮಾ ಉಲಾನ್‌ಬಾತರಿನ ಗುಡಾರಗೇರಿಯ ಠಾಣೆಗೆ ಬಂದಾಗ, ಉಗುಳಿದ್ದು ನೆಲ ಮುಟ್ಟುವಷ್ಟರಲ್ಲಿ ಗೋಲಿಯಾಗಿ ಪುಟಿಯುವಂಥ ಚಳಿ. ಕಲ್ಲಿದ್ದಲ ಹೊಗೆಯಲ್ಲಿ ಬೆಟ್ಟವೇ ಕರಗಿಹೋಗಿ, ಬಿಳಿ ಗುಡಾರಗಳು ಹಾಲಿನ ಮೇಲೆ ಕೆನೆಯಂತೆ ತೇಲುತ್ತಿದ್ದವು.

"ಸಾಹೇಬಾ, ನಮ್ಮ ಗುಡಾರದ ನೆತ್ತಿಗಂಬಳಿ ಕದ್ದವ್ರೆ! ಅದು ಮುಚ್ಚಿದ್ದ ಬೆಳಕಿಂಡಿ ಬಾಯಿ ಬಿಟ್ಕೊಂಡು ಕೂತಿದೆ. ಮೊಮ್ಮಗು ಅತ್ತೂ ಅತ್ತೂ ಸತ್ತೋರನ್ನೂ ಎಬ್ಬಿಸ್ತು."

ಮೂರು ಬೆಟ್ಟದಾಚೆಯ ಉಪ್ಪುಚಹಾಕ್ಕೆ ಉಪ್ಪು ಕಡಿಮೆಯಾದರೂ ಮೂಸಿಯೇ ಹೇಳಬಲ್ಲ ಇನ್ಸ್‌ಪೆಕ್ಟರ್ ಚೋಯ್‌ಜಿಲ್ ಎಫ್‌ಐಆರ್ ಬರೆಸಿದ. ಆ ತಿಂಗಳಲ್ಲಿ ಇದು ಒಂಬತ್ತನೆಯ ಕಂಬಳಿ.

ಸ್ಥಳ ಪಂಚನಾಮೆ ನಡೆಯಿತು. ಕಂಬಳಿಯ ಹಗ್ಗವನ್ನು ಕತ್ತರಿಸಲಾಗಿತ್ತು. ಅಂಗಳದಲ್ಲಿ ಮಗುವಿನ ಬಟ್ಟೆಗಳು ಹಪ್ಪಳದಂತೆ ಸೆಟೆದು ನೇತಾಡುತ್ತಿದ್ದವು.

"ಸಾರ್, ಒಂಬತ್ತು ಮನೇಲೂ ಹಸುಗೂಸಿದೆ," ಎಂದ ಕಾನ್‌ಸ್ಟೆಬಲ್ ಲ್ಹಾಗ್ವಾ.

"ಯಾರ ಮನೇಲಿ ಕೂಸಿದೆ ಅಂತ ಇಡೀ ಕೇರಿಯ ಲೆಕ್ಕ ಯಾರಿಗಯ್ಯಾ ಗೊತ್ತು?"

"ನೀರು ಮಾರೋ ಗೂಡಂಗಡಿಯವಳು, ಸೆವ್ಜಿದ್‌ಗೆ. ಕೂಸಿನ ಬಟ್ಟೆ ಒಗೆಯೋಕೆ ಆ ಮನೆಯವರೆಲ್ಲ ಅವಳ ಹತ್ರ ಹೆಚ್ಚು ನೀರು ಒಯ್ತಾರಲ್ಲ."

ಗೂಡಂಗಡಿಯಲ್ಲಿ ನೀರಿನ ತೊಟ್ಟಿಯ ಹಿಂದೆ ಒಂಬತ್ತೂ ಕಂಬಳಿಗಳನ್ನು ಅಚ್ಚುಕಟ್ಟಾಗಿ ಮಡಿಸಿಡಲಾಗಿತ್ತು.

"ಇವೇನಮ್ಮಾ?"

"ಕಂಬಳಿ. ಕಣ್ಣಿಲ್ವಾ ಸಾಹೇಬ್ರೆ?"

"ಯಾಕೆ ಕದ್ದೆ?"

"ಬಾಯಲ್ಲಿ ಹೇಳಿ ಸೋತೆ. ಒಲೆಗೆ ಇದ್ದಲು ತುಂಬಿ ನೆತ್ತಿ ಪೂರಾ ಮುಚ್ಚಬೇಡ್ರೇ ಅಂದ್ರೆ, ನೀರು ಮಾರೋಳು ಡಾಕ್ಟರಾದಳು ಅಂತ ನಕ್ರು."

"ಕೂಸುಗಳು ಚಳಿಗೆ ಸತ್ತಿದ್ರೆ?"

"ಚಳಿಯಾದ್ರೆ ಕೂಸು ಅಳುತ್ತೆ, ತಾಯಿ ಏಳ್ತಾಳೆ. ಹೊಗೆಯ ವಿಷ ಏರಿದ್ರೆ ಅಳೋದೇ ಇಲ್ಲ."

ಲ್ಹಾಗ್ವಾ ತಲೆ ತಗ್ಗಿಸಿದ. ಚೋಯ್‌ಜಿಲ್ ಆಕೆಯನ್ನು ಬಂಧಿಸಿದ.

ಠಾಣೆಯಲ್ಲಿ ಆಕೆ ಹೇಳಿಕೆ ಕೊಟ್ಟಳು. ಹಿಂದಿನ ಚಳಿಗಾಲದಲ್ಲಿ ಕುರಿಗಳೆಲ್ಲ ಸತ್ತ ಮೇಲೆ ಹುಲ್ಲುಗಾವಲು ಬಿಟ್ಟು ಕೂಸಿನೊಂದಿಗೆ ಇಲ್ಲಿಗೆ ಬಂದವಳು. ಮಗುವಿಗೆ ಉಬ್ಬಸ ಬಂತು. ಈ ನಗರದಲ್ಲಿ ನಿನ್ನ ಹೆಸರು ನೋಂದಣಿಯಾಗಿಲ್ಲ, ಮಗುವನ್ನು ಬೆಚ್ಚಗಿಡು ಹೋಗು ಎಂದು ಆಸ್ಪತ್ರೆಯವರು ಬಾಗಿಲಲ್ಲೇ ಕಳಿಸಿದರು. ಆಕೆ ಬೆಚ್ಚಗಿಟ್ಟಳು. ಒಲೆ ತುಂಬಿದಳು, ನೆತ್ತಿಗಂಬಳಿಯನ್ನು ಬಿಗಿಯಾಗಿ ಎಳೆದು ಕಟ್ಟಿದಳು. ಬೆಳಿಗ್ಗೆ ತನಗೇ ತಲೆ ಎತ್ತಲಾಗಲಿಲ್ಲ. ಒಲೆ ಇನ್ನೂ ಬಿಸಿಯಿತ್ತು, ಮಗು ತಣ್ಣಗಿತ್ತು.

ಅಂದೇ ಸಂಜೆ ಕಂಬಳಿಗಳನ್ನು ವಾರಸುದಾರರಿಗೆ ಒಪ್ಪಿಸಲಾಯಿತು. ದುಲ್ಮಾ ತನ್ನದನ್ನು ಬೆಳಕಿಗೆ ಹಿಡಿದು ನೋಡಿದಳು. ನಡುವೆ ಮುಷ್ಟಿ ಗಾತ್ರದ ತೂತು.

"ಇದೇನೋ ಸಾಹೇಬಾ?"

"ಠಾಣೇಲಿ ಇಲಿ ಕಾಟ, ಅಜ್ಜಿ. ಹೊಲಿಯೋಕೆ ಹೋಗಬೇಡ, ಅದು ಕೇಸಿನ ಸಾಕ್ಷಿ."

ಒಂಬತ್ತು ಕಂಬಳಿಯಲ್ಲೂ ಅಷ್ಟೇ ಗಾತ್ರದ ತೂತಿತ್ತು. ಮನೆಯಲ್ಲಿ ಎರಡು ತಿಂಗಳ ಮಗಳಿದ್ದ ಲ್ಹಾಗ್ವಾ, ಠಾಣೆಯ ಕತ್ತರಿಯನ್ನು ಜೇಬಿಗಿಳಿಸಿಕೊಂಡು ಆಗಲೇ ತನ್ನ ಗುಡಾರದ ದಾರಿ ಹಿಡಿದಿದ್ದ.