ಆಂಟೆನಾದ ಕೆಳಗೊಂದು ‘ಆತು’

“ಬಂತೇನ್ರಿ?”

ಮಾಳಿಗೆಯ ಬೆಳಕಿಂಡಿಯಿಂದ ಗಂಡಸಿನ ದನಿಯೊಂದು ಇಳಿದು ಬಂತು.

ಯಮನವ್ವ ಹೊಸ ಟಿವಿಯ ಮುಂದೆ ನಿಂತಿದ್ದಳು. ಪರದೆಯ ತುಂಬ ಜೋಳದ ಹಿಟ್ಟು ಜರಡಿ ಹಿಡಿದಂತೆ ಬಿಳಿ ಚುಕ್ಕೆಗಳು. ಅದರೊಳಗೆ ಯಾರದೋ ಮುಖ ಮೂಡುತ್ತಿತ್ತು, ಮುಳುಗುತ್ತಿತ್ತು.

“ಬಂತು... ಹೋತು. ಬಂತು... ಅಯ್ಯ, ಮತ್ತ ಹೋತು.”

ಮೇಲೆ ಹೆಜ್ಜೆಯ ಸದ್ದು ನಿಂತಿತು. ಬೆಳಕಿಂಡಿಯಲ್ಲಿ ಬೆವರಿದ ಮುಖವೊಂದು ಬಾಗಿ ಅವಳನ್ನೇ ನೋಡಿತು.

“ಇವ್ರ, ನೀವು ಹಿಂಗ ಬಂತು-ಹೋತು ಅಂದ್ರ ನಾ ಇಲ್ಲೆ ಬುಗುರಿ ಆಗತೇನಿ. ಚಿತ್ರ ಚಲೋತ್ನಂಗ ಬಂತಂದ್ರ ‘ಆತು’ ಅನ್ರಿ. ಅಲ್ಲೀತನಕ ಸುಮ್ಕ ನಿಂದರ್ರಿ.”

ತನ್ನ ಮನೆಯಲ್ಲೇ ತನಗೆ ಸುಮ್ಮನಿರು ಅನ್ನುತ್ತಾನಲ್ಲ! ಯಮನವ್ವನಿಗೆ ರೇಗಿತು. ಮಗ್ಗದ ಕುಣಿಯಲ್ಲಿ ಕುಳಿತ ಅಣ್ಣ ಬಾಬಣ್ಣ ಮಾತ್ರ ಹೊಟ್ಟೆ ಹಿಡಿದು ನಕ್ಕ.

ಅದು ಎಂಬತ್ತೈದನೇ ಇಸವಿ. ಬೆಟಗೇರಿಯ ಆ ಓಣಿಗೆ ಬಂದ ಮೊದಲ ಟಿವಿ ಅದು. ಮಾಳಿಗೆಯ ಮೇಲಿದ್ದವನು ಅಂದಪ್ಪ. ಅಡರಕಟ್ಟಿಯವನು. ಅವನದೂ ನೇಕಾರರ ಮನೆತನವೇ, ಆದರೆ ಲಾಳಿ ಬಿಟ್ಟು ತಂತಿ ಹಿಡಿದಿದ್ದ. ಕರೀಮಸಾಬರ ರೇಡಿಯೋ ಅಂಗಡಿಯಲ್ಲಿ ಕೆಲಸ.

ಕೊನೆಗೆ ಚಿತ್ರ ನಿಂತಿತು. ಕನ್ನಡಿಯಷ್ಟು ಸ್ವಚ್ಛ.

ಯಮನವ್ವ ‘ಆತು’ ಅನ್ನಲಿಲ್ಲ. ಸಿಟ್ಟಿಗೆ ಬಾಯಿ ಮುಚ್ಚಿಕೊಂಡೇ ನಿಂತಳು. ಉರಿಬಿಸಿಲಲ್ಲಿ ಅವನು ಇನ್ನೂ ಹತ್ತು ನಿಮಿಷ ಆಂಟೆನಾದ ಕೊಳವೆ ತಿರುಗಿಸಿದ.

ಆಮೇಲೆ ಅವನು ಇಳಿದು ಬಂದಾಗ ಅಂಗೈ ಕೆಂಪಾಗಿತ್ತು. ಅದನ್ನು ನೋಡಿ ಅವಳ ಸಿಟ್ಟು ಎಲ್ಲಿ ಹೋಯಿತೋ. ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ನೀರು ಕುಡಿಯುತ್ತಲೇ ಅವನು ಬಾಬಣ್ಣನಿಗೆ ಬುದ್ಧಿ ಹೇಳುತ್ತಿದ್ದ. ಮಣ್ಣಿನ ಮಾಳಿಗೆಯಲ್ಲಿ ಕೊಳವೆ ಹೂಳಬಾರದು, ಮಳೆಗಾಲಕ್ಕೆ ಸೋರುತ್ತದೆ. ಗೋಡೆಗೆ ಕಟ್ಟಿ, ಮೂರು ಕಡೆ ತಂತಿ ಎಳೆದು ನಿಲ್ಲಿಸಬೇಕು. ಕರೆಂಟಿನ ತಂತಿ ಹತ್ತಿರ ಇದ್ದರೆ ಆ ಮೂಲೆಯೇ ಬೇಡ.

“ಮತ್ತ ಈ ವಾಯರ್ ನೋಡ್ರಿ. ಕಿಡಕಿ ಹೊರಗ ಒಂದೀಟು ಜೋತು ಬಿಟ್ಟೇನಿ. ಬಿಗಿ ಎಳದ್ರ ಮಳಿ ನೀರು ವಾಯರ್ ಹಿಡಕೊಂಡು ಸೀದಾ ಟಿವಿಯೊಳಗ ಬರತೈತಿ. ಜೋತು ಇತ್ತಂದ್ರ ಅಲ್ಲೇ ತೊಟ್ಟಿಕ್ಕಿ ಹೋಗತೈತಿ.”

ಹೋಗುವಾಗ ಬಾಗಿಲಲ್ಲಿ ನಿಂತು, ಅವಳಿಗಷ್ಟೇ ಕೇಳುವಂತೆ ಹೇಳಿದ.

“ಚಿತ್ರ ಬಂದು ಭಾಳ ಹೊತ್ತಾಗಿತ್ತು. ಟಿವಿ ಮಾತು ನನಗ ಮ್ಯಾಲೆ ಕೇಳಸ್ತಿತ್ತು.”

ಗೊತ್ತಿದ್ದೂ ಬಿಸಿಲಲ್ಲಿ ನಿಂತನೇ?

ಆ ರಾತ್ರಿ ಓಣಿಯ ಮಂದಿಯೆಲ್ಲ ಟಿವಿ ನೋಡಿದರು. ಯಮನವ್ವ ಕಿಟಕಿಯ ಹೊರಗೆ ಜೋತುಬಿದ್ದ ವಾಯರನ್ನು ನೋಡುತ್ತ ಕುಳಿತಳು.

ಮುಂದಿನ ಶುಕ್ರವಾರ ಚಿತ್ರ ಕೆಟ್ಟಿತು. ಅಂದಪ್ಪ ಬಂದು ಸರಿ ಮಾಡಿದ. ಅದರ ಮುಂದಿನ ಶುಕ್ರವಾರವೂ ಕೆಟ್ಟಿತು. ಮೂರನೆಯ ಸಲ ಮಾಳಿಗೆಯ ಮೇಲಿನಿಂದ ಅವನ ದನಿ ಬಂತು.

“ಇವ್ರ, ಬೆಟಗೇರ್ಯಾಗ ಗಾಳಿ ಬರೇ ಶುಕ್ರವಾರ ಬೀಸತೈತೇನ್ರಿ?”

ಕೆಳಗೆ ಯಮನವ್ವ ಸೆರಗು ಬಾಯಿಗೊತ್ತಿಕೊಂಡಳು. ಒಗೆದ ಬಟ್ಟೆ ಒಣಹಾಕಲು ಹೋದಾಗ ಕೊಳವೆಯನ್ನು ಒಂಚೂರು ನೂಕಿ ಬರುತ್ತಿದ್ದವಳು ಅವಳೇ.

ಅವ್ವ ಅಪ್ಪ ಇಲ್ಲದ ಹುಡುಗಿ. ಅಣ್ಣ ಒಳ್ಳೆಯವನು, ಅತ್ತಿಗೆ ಚೌಡವ್ವನೂ ಕೆಟ್ಟವಳಲ್ಲ. ಆದರೂ ಮುಂಜಾನೆಯಿಂದ ಸಂಜೆಯವರೆಗೆ ರಾಟಿಯ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುವವಳನ್ನು ‘ಏನು ಮಾಡಾಕತ್ತೀ?’ ಎಂದು ಕೇಳುವವರೇ ಇರಲಿಲ್ಲ. ಮಾಡುವುದು ಕಣ್ಣಿಗೆ ಕಾಣುತ್ತಿತ್ತಲ್ಲ. ಅಂದಪ್ಪನೊಬ್ಬ ಕೇಳುತ್ತಿದ್ದ. ಕೇಳಿ, ಉತ್ತರ ಬರುವತನಕ ನಿಲ್ಲುತ್ತಿದ್ದ.

ಒಂದು ದಿನ ಕರೀಮಸಾಬರು ತಾವೇ ಮನೆಗೆ ಬಂದರು. ಬಾಬಣ್ಣನ ಎದುರಿನಲ್ಲೇ, ಅಂದಪ್ಪ ಹೆಣ್ಣು ಕೇಳಿ ಕಳಿಸಿದ್ದಾನೆ ಎಂದು ವಿಷಯ ತೆಗೆದರು. ಬಾಬಣ್ಣ ತಂಗಿಯ ಮುಖ ನೋಡಿದ.

ಯಮನವ್ವನ ಎದೆ ಲಾಳಿಯಂತೆ ಹೊಡೆದುಕೊಳ್ಳುತ್ತಿತ್ತು. ಹೆಚ್ಚಿಗೆ ಹೇಳಲು ಬಾಯಿ ಬರಲಿಲ್ಲ. ಹೇಳುವ ಅಗತ್ಯವೂ ಇಲ್ಲ ಅನ್ನಿಸಿತು. ಅವನೇ ಕಲಿಸಿದ ಮಾತು ಇತ್ತಲ್ಲ...

“ಆತು ಅಂತ ಹೇಳ್ರಿ, ಚಾಚಾ.”

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಎಂಟು ದಿನಕ್ಕೆ ಖಬರು ಬಂತು. ಅಂದಪ್ಪ ಅಂಗಡಿಯ ಕೀಲಿಕೈ ಪಕ್ಕದವರಿಗೆ ಕೊಟ್ಟು, ಯಾರಿಗೂ ಹೇಳದೆ ಹೋಗಿದ್ದ.

ಮಗಳ ಬಾಣಂತನಕ್ಕೆಂದು ಸಾಂಗಲಿಗೆ ಹೋಗಿ ಮರಳಿದ ಕರೀಮಸಾಬರು ಸಿಟ್ಟಿಗೆದ್ದರು. ಕೇಳಿ ಕಳಿಸಿದವನು, ಹುಡುಗಿ ಒಪ್ಪಿದ ಮೇಲೆ ಓಡಿಹೋದ. ಇನ್ನು ಆ ಹೆಸರು ತಮ್ಮ ಅಂಗಡಿಯಲ್ಲಿ ಬೇಡವೆಂದರು.

ಯಮನವ್ವ ಅಳಲಿಲ್ಲ. ಶುಕ್ರವಾರ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಳು. ಕೊಳವೆಯನ್ನು ಮುಟ್ಟಲಿಲ್ಲ.

ಎರಡು ವರ್ಷ ಚಿತ್ರ ಕೆಡಲೇ ಇಲ್ಲ. ಅಷ್ಟು ಗಟ್ಟಿಯಾಗಿ ಕಟ್ಟಿಹೋಗಿದ್ದ.

ಬಂದ ಸಂಬಂಧಗಳಿಗೆಲ್ಲ ಅವಳು ಒಲ್ಲೆ ಅಂದಳು. ಕೊನೆಗೆ ಹಿರೇಹಂದಿಗೋಳದ ಸಕ್ರಪ್ಪನ ಕಡೆಯಿಂದ ಮಾತು ಬಂತು. ಹೆಂಡತಿ ತೀರಿಕೊಂಡವನು, ಮರ್ಯಾದಸ್ಥ. ಸೋಮವಾರದೊಳಗೆ ಏನಾದರೊಂದು ಹೇಳು ಎಂದು ಬಾಬಣ್ಣ ಕೈಮುಗಿಯುವಂತೆ ಕೇಳಿದ. ಅವಳು ಹೇಳತೇನಿ ಎಂಬಂತೆ ತಲೆಯಾಡಿಸಿದಳು. ಇನ್ನೆಷ್ಟು ದಿನ ಆ ವಾಯರ್ ನೋಡಿಕೊಂಡು ಕೂಡುವುದು?

ಶನಿವಾರ ಮುಂಜಾನೆ ಕರೀಮಸಾಬರ ಹೆಂಡತಿ ಅಖ್ತರಿ ಓಡುತ್ತ ಬಂದಳು. ಕೈಯಲ್ಲಿ ಕಪ್ಪು ವಾಯರಿನ ಸುರುಳಿ. ಇಷ್ಟು ದಿನ ಲಕ್ಷ್ಮೇಶ್ವರ, ಶಿರಹಟ್ಟಿ ಎಂದು ಅಲೆಯುತ್ತಿದ್ದ ಅಂದಪ್ಪ ಈಗ ಡಂಬಳದಲ್ಲಿದ್ದಾನಂತೆ. ಕುಬೇರಪ್ಪ ಸಾವಕಾರರ ಮನೆಗೆ ಆಕಾಶದಿಂದ ಸೀದಾ ಚಿತ್ರ ಹಿಡಿಯುವ ದೊಡ್ಡ ತಟ್ಟೆ ಕೂಡಿಸುತ್ತಿದ್ದಾನೆ. ವಾಯರ್ ಸಾಲದೆ ಸಾವಕಾರರು ಅಂಗಡಿಗೆ ಚೀಟಿ ಕಳಿಸಿದ್ದರು.

“ನಿಮ್ಮಣ್ಣ ಅವರ ಮನಿಗೆ ಸೀರಿ ಕಳಸೂದೈತಲ್ಲ? ನೀನ ಒಯ್ಯಿ. ಇದನ್ನೂ ಒಯ್ಯಿ. ಯಾಕ ಓಡಿಹೋದೆಪಾ ಅಂತ ಒಂದ ಮಾತು ಕೇಳು. ಕೇಳದ ಇನ್ನೊಬ್ಬರ ಮನಿ ಹೊಕ್ಕೀ ಅಂದ್ರ, ಆ ಮಾತು ಜೀವ ಇರೋತನಕ ನಿನ್ನ ಜೋಡಿ ಬರತೈತಿ ನೋಡವಾ.”

ಬಸ್ಸಿನಲ್ಲಿ ಸೀರೆಯ ಗಂಟು ತೊಡೆಯ ಮೇಲೆ, ವಾಯರಿನ ಸುರುಳಿ ಮೊಣಕೈಗೆ. ಬಯ್ಯಬೇಕು ಎಂದುಕೊಂಡಳು. ಅಳಬಾರದು ಎಂದುಕೊಂಡಳು. ಡಂಬಳದ ಕೆರೆ ಕಾಣುವ ಹೊತ್ತಿಗೆ ಎರಡೂ ಮರೆತುಹೋಗಿದ್ದವು.

ಸಾವಕಾರರ ಮಾಳಿಗೆಯ ಮೇಲೆ ಜಾಲರಿಯ ತಟ್ಟೆ, ಕಣದಷ್ಟು ಅಗಲ. ಆಕಾಶಕ್ಕೆ ಮುಖ ಮಾಡಿ, ತೆಂಕಣಕ್ಕೆ ತುಸುವೇ ವಾಲಿಕೊಂಡಿತ್ತು. ಅದರ ಆಚೆ ಮನುಷ್ಯ ಕಾಣುತ್ತಿರಲಿಲ್ಲ.

ಪಡಸಾಲೆಯಲ್ಲಿ ಟಿವಿಯ ಮುಂದೆ ಹತ್ತು ಮಂದಿ. ಒಬ್ಬರು ಬಂತು ಅಂದರೆ ಇನ್ನೊಬ್ಬರು ಹೋತು ಅನ್ನುತ್ತಿದ್ದರು. ಯಾರೋ ಸುರುಳಿ ಇಸಿದುಕೊಂಡು ಮೇಲೆ ಒಯ್ದರು. ಸಾವಕಾರರ ಹೆಂಡತಿ ಸೀರೆಯ ಗಂಟು ಬಿಚ್ಚುತ್ತಿದ್ದರು.

“ಬಂತೇನ್ರಿ?”

ಅದೇ ದನಿ. ಸ್ವಲ್ಪ ದಣಿದಿತ್ತು, ಅಷ್ಟೇ.

ಯಮನವ್ವನ ಕಾಲುಗಳು ತಾವಾಗಿಯೇ ಟಿವಿಯ ಹತ್ತಿರ ನಡೆದವು. ಬಿಳಿ ಚುಕ್ಕೆಗಳು ಸರಿದವು. ಒಂದು ಮುಖ ಮೂಡಿತು... ನಿಂತಿತು.

“ಆತು.”

ಮೇಲೆ ಬೋಲ್ಟು ಬಿಗಿಯುವ ಪಾನಾ ಕೈಜಾರಿ ಬಿದ್ದ ಸದ್ದಾಯಿತು.

ಅಂದಪ್ಪ ಇಳಿದು ಬಂದ. ಕೆನ್ನೆ ಬತ್ತಿತ್ತು. ಮೊದಲು ಅವಳ ಕೊರಳು ನೋಡಿದ, ಆಮೇಲೆ ಕಾಲ ಬೆರಳು. ತಾಳಿ ಇಲ್ಲ, ಕಾಲುಂಗುರ ಇಲ್ಲ. ಅವನ ಮುಖದಲ್ಲಿ ಹೆದರಿಕೆ ಮೂಡಿತು. ಪಾಪ, ಏನಾಯಿತೋ ಇವಳಿಗೆ ಎಂಬಂತೆ.

ಅಂಗಳದ ಬೇವಿನ ಬುಡಕ್ಕೆ ಬಂದು, ತಡೆದು ತಡೆದು ಕೇಳಿದ.

“ನಿಮ್ಮ... ಮನಿಯವ್ರು?”

“ಯಾವ ಮನಿಯವ್ರು? ಕೇಳಿ ಕಳಿಸಿದವ್ರು ಓಡಿ ಹೋದ್ರು. ಮತ್ತ ಯಾರಿದ್ದಾರ ನನಗ?”

“ನಿಮ್ಮ ಸಂಬಂಧ ಎಲ್ಲೋ ಆಗಿತ್ತಲ್ರಿ.”

“ಯಾರಂದ್ರು?”

ಅಂದಪ್ಪ ನಿಧಾನವಾಗಿ ಹೇಳಿದ. ಕರೀಮಸಾಬರಿಗೆ ಅವನು ಎರಡು ಮಾತು ಕೇಳಲು ಹೇಳಿದ್ದನಂತೆ. ಹುಡುಗಿಗೆ ಸಂಬಂಧ ಎಲ್ಲಾದರೂ ಆಗಿದೆಯೇ? ಆಗಿಲ್ಲವಾದರೆ ನನ್ನನ್ನು ಒಪ್ಪುತ್ತಾಳೆಯೇ? ಮೊದಲನೆಯದಕ್ಕೆ ಹೂಂ ಅಂದರೆ ಎರಡನೆಯದನ್ನು ಕೇಳುವುದೇ ಬೇಡ ಎಂದೂ ಹೇಳಿದ್ದ. ಮರುದಿನ ಮುಂಜಾನೆ ಇವನು ಉತ್ತರ ಕೇಳಲು ನಿಲ್ದಾಣಕ್ಕೆ ಓಡುವಷ್ಟರಲ್ಲಿ, ಕರೀಮಸಾಬರು ಕುಳಿತ ಸಾಂಗಲಿಯ ಬಸ್ಸು ಹೊರಟೇಬಿಟ್ಟಿತ್ತು. ಕರೀಮಸಾಬರು ಕಿಟಕಿಯಿಂದ ಕೈಬೀಸಿ ಕೂಗಿದ್ದು ಒಂದೇ ಮಾತು.

“‘ಆತಂತ!’ ಅಂದ್ರು. ನಿಮ್ಮ ಸಂಬಂಧ ಆತಂತ... ಹಂಗ ತಿಳಕೊಂಡೆ.”

ಯಮನವ್ವ ಒಂದು ಹೆಜ್ಜೆ ಮುಂದೆ ಬಂದಳು.

“ನಾ ‘ಆತು ಅಂತ ಹೇಳ್ರಿ’ ಅಂದಿದ್ದೆ. ನಿಮಗ. ನೀವ ಕಲಿಸಿದ ಮಾತು...”

ಅಂದಪ್ಪ ಬೇವಿನ ಬುಡದಲ್ಲಿ ಕುಸಿದು ಕುಳಿತ. ಎರಡು ವರ್ಷ ಅವನು ಊರೂರಿನ ಮಾಳಿಗೆ ಹತ್ತಿದ್ದ. ಪ್ರತಿ ಮನೆಯಲ್ಲೂ ಕೆಳಗಿನಿಂದ ಯಾರೋ ‘ಆತು’ ಅಂದಾಗಲೆಲ್ಲ ಮುಖ ತಿರುಗಿಸಿಕೊಂಡಿದ್ದ.

“ಮಂದೀಗೆಲ್ಲ ಬುದ್ಧಿ ಹೇಳತೀರಿ,” ಅವಳ ದನಿ ಒಡೆಯಿತು. “ವಾಯರ್ ಬಿಗಿ ಎಳೀಬ್ಯಾಡ್ರಿ, ಜೋತು ಬಿಡ್ರಿ ಅಂತೀರಿ. ನನ್ನ ಒಂದ ಮಾತಿಗೆ, ಚಾಚಾ ಬರೂತನಕ, ಎಂಟ ದಿನದ ಜೋತು ಬಿಡಾಕ ಆಗಲಿಲ್ಲೇನು ನಿಮಗ?”

ಅವನು ಕಣ್ಣೊರೆಸಿಕೊಳ್ಳಲು ಕೈಯೆತ್ತಿದ. ಅಂಗೈ ಕೆಂಪಾಗಿತ್ತು, ಅಂದಿನಂತೆಯೇ. ಸೋಮವಾರದ ಮಾತನ್ನು ಅವಳು ಹೇಳಿದಳು. ಸಕ್ರಪ್ಪನ ಹೆಸರು ಕೇಳಿ ಅವನು ಎದ್ದು ನಿಂತ.

“ಇವತ್ತ ಬೆಟಗೇರಿಗೆ ಬರತೇನಿ. ನಿಮ್ಮಣ್ಣನ ಮುಂದ ನಾನ ಕೇಳತೇನಿ, ಯಾರನ್ನೂ ಕಳಸೂದಿಲ್ಲ. ಅದಕ್ಕಿಂತ ಮೊದಲ... ನಿಮ್ಮನ್ನ ಮತ್ತೊಮ್ಮೆ ಕೇಳಲ್ಯಾ?”

ಯಮನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ನಗು ಬಂತು.

“ಮಾಳಿಗಿ ಮ್ಯಾಲೆ ಹೋಗಿ ಕೇಳ್ರಿ. ನೆಲದ ಮ್ಯಾಲೆ ನಿಮಗ ಮಾತು ಬರೋಬ್ಬರಿ ಕೇಳಸೂದಿಲ್ಲ.”

ಅವನು ನಿಜವಾಗಿಯೂ ಹತ್ತಿದ. ಅವಳು ಪಡಸಾಲೆಗೆ ಹೋಗಿ, ಹತ್ತು ಮಂದಿಯ ನಡುವೆ ಟಿವಿಯ ಮುಂದೆ ನಿಂತಳು. ಚಿತ್ರ ಆಗಲೇ ಸ್ವಚ್ಛವಾಗಿತ್ತು.

“ಯಮನವ್ವ... ಆತೇನು?”

ಅವನ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಇದೇ ಮೊದಲು. ಸುಮ್ಮನಿದ್ದು ಇನ್ನೊಂದಿಷ್ಟು ಹೊತ್ತು ಬಿಸಿಲಲ್ಲಿ ನಿಲ್ಲಿಸಲೇ ಅನ್ನಿಸಿತು. ಕೆಂಪಾದ ಅಂಗೈ ನೆನಪಾಯಿತು.

“ಆತು,” ಅಂದಳು, ಇಡೀ ಮನೆಗೆ ಕೇಳುವಂತೆ. “ಇನ್ನ ಕೆಳಗ ಬರ್ರಿ.”