ಹುಡುಕಿದರೆ ಸೊನ್ನೆ

ಮಂಗಳವಾರ ಬೆಳಿಗ್ಗೆ ಅಂಕಿಅಂಶ ಕಚೇರಿಯ ಸಾರ್ವಜನಿಕ ಪಟ್ಟಿಯಿಂದ ಅಂತರ್ಜಲದ ಕೋಷ್ಟಕ ಕಾಣೆಯಾಗಿತ್ತು. ಇಪ್ಪತ್ತೆರಡು ವರ್ಷದ ಅಳತೆ! ಪಟ್ಟಿಯಲ್ಲಿರುವ ಹನ್ನೆರಡು ಸಾವಿರ ಕೋಷ್ಟಕಗಳನ್ನು ಯಾರೂ ಕಣ್ಣಲ್ಲಿ ಹುಡುಕುವುದಿಲ್ಲ. ನಾಲ್ಕು ಸಾಲಿನ ಕೋಡ್‌ಗೆ ಬೇಕಾದ ಪದ ಕೊಟ್ಟರೆ ಅದೇ ಹೆಕ್ಕಿ ತರುತ್ತದೆ. ಅಂದು ‘ಅಂತರ್ಜಲ’ ಎಂದು ಕೊಟ್ಟರೆ ಬಂದ ಉತ್ತರ — ಸೊನ್ನೆ.

ಮಧ್ಯಾಹ್ನದೊಳಗೆ ತಪ್ಪಿತಸ್ಥೆಯೂ ಸಿಕ್ಕಿಬಿಟ್ಟಿದ್ದಳು. ಗುಬ್ಬಿ ಅಂತ ಎಲ್ಲರೂ ಕರೆಯುವ ಗುಮಾಸ್ತೆ. ಕೋಷ್ಟಕವನ್ನು ಕೊನೆಗೆ ತೆರೆದವಳು ಅವಳೇ. ಆರು ವರ್ಷ ಕಾದು ಸಿಕ್ಕಿದ್ದ ಕೆಲಸ. ಸಂಜೆ ಐದಕ್ಕೆ ವಜಾ ಆದೇಶಕ್ಕೆ ಸಹಿ ಬೀಳುವುದಿತ್ತು.

ಕೇಂದ್ರ ಕಚೇರಿಯಿಂದ ತನಿಖೆಗೆ ಬಂದದ್ದು ನಮ್ಮ ಮೇಡಂ, ಅವರ ಸಹಾಯಕ್ಕೆ ನಾನು. ಲಿಫ್ಟ್ ಕೆಟ್ಟಿತ್ತು. ಮಂಡಿನೋವಿನ ಮೇಡಂ ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಇಬ್ಬರಿಗೂ ಜೀವ ಬಾಯಿಗೆ ಬಂದಿತ್ತು. ಎರಡು ದಿನದಲ್ಲಿ ಇದು ಮೂರನೇ ಕಚೇರಿ. ಸಾಕಪ್ಪಾ ಸಾಕು ಅನ್ನಿಸಿತ್ತು ನನಗೆ.

ಗುಬ್ಬಿಯ ಕಣ್ಣು ಅತ್ತು ಊದಿಕೊಂಡಿತ್ತು. ತೆರೆದು ನೋಡಿದ್ದು ನಿಜ, ಅಳಿಸಿಲ್ಲ — ಅದನ್ನೇ ಹತ್ತು ಸಲ ಹೇಳಿದಳು. ಇನ್ನು ಕೋಷ್ಟಕ ಮುಟ್ಟುವ ಅಧಿಕಾರವಿದ್ದದ್ದು ಉಪನಿರ್ದೇಶಕರಿಗೆ ಮಾತ್ರ. ಅವರೇನೂ ಮುಚ್ಚಿಡಲಿಲ್ಲ. ಶೀರ್ಷಿಕೆಯಲ್ಲಿ ವರ್ಷ ಇರಲಿಲ್ಲವೆಂದು ಸೋಮವಾರ ತಾವೇ ಹೊಸದಾಗಿ ಟೈಪ್ ಮಾಡಿದರಂತೆ. ಆಮೇಲೆ, ರಾತ್ರಿ ಪಟ್ಟಿ ಹೊಸದಾಗುವ ಮುನ್ನ, ಅದನ್ನು ತೆರೆದವಳು ಗುಬ್ಬಿ. ಇನ್ನೇನು ಬೇಕು?

ಮೇಡಂ ಕೇಳಿದ್ದು ಒಂದೇ — ವಜಾ ಆದೇಶ ಯಾರು ಟೈಪ್ ಮಾಡಿದ್ದು?

“ನಾನೇ. ಟೈಪಿಸ್ಟ್ ಆಗಿ ಸೇರಿ ಇಲ್ಲಿಗೆ ಬಂದವನು ನಾನು,” ಎಂದರು ಉಪನಿರ್ದೇಶಕರು, ಕೊಂಚ ಹೆಮ್ಮೆಯಿಂದಲೇ.

ಆದೇಶವನ್ನು ಮೇಡಂ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು. ಆಮೇಲೆ ಕಂಪ್ಯೂಟರಿನಲ್ಲಿದ್ದ ಅದರ ಕಡತದಿಂದಲೇ ‘ಅಂತರ್ಜಲ’ ಪದ ನಕಲು ಮಾಡಿ ಕೋಡ್‌ಗೆ ಕೊಡಲು ಹೇಳಿದರು. ಕೊಟ್ಟೆ. ಕಾಣೆಯಾದ ಕೋಷ್ಟಕ ಪರದೆಯ ಮೇಲೆ ಬಂದು ಕೂತಿತು!

“ಇದು ಹೇಗೆ?” ಎಂದೆ.

“ಕಾಗದದಲ್ಲಿ ‘ಅಂ’ ನೋಡು. ಸೊನ್ನೆ ಒಂಚೂರು ದಪ್ಪ ಕಾಣಲ್ವಾ? ಇವರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಒತ್ತಿದ್ದಾರೆ. ಶಾಲೇಲಿ ನಾವೆಲ್ಲ ಎರಡಕ್ಕೂ ಸೊನ್ನೆ ಅಂತಲೇ ಅಂದವರು. ಕಣ್ಣಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಕೋಡ್‌ಗೆ ಬೇರೆ ಬೇರೆ.” ಮೇಡಂ ಉಪನಿರ್ದೇಶಕರ ಕಡೆ ತಿರುಗಿದರು. “ಕೋಷ್ಟಕ ಕಳೆದವರು ನೀವು, ಸಾರ್. ಈ ಹುಡುಗಿ ಅಲ್ಲ.”

ಉಪನಿರ್ದೇಶಕರ ಮುಖ ಸಪ್ಪಗಾಯಿತು. “ಬೇಕಂತ ಮಾಡಿದ್ದಲ್ಲ ಮೇಡಂ. ಇಪ್ಪತ್ತು ವರ್ಷದಿಂದ ಹೀಗೇ ಒತ್ತಿದ್ದೀನಿ.”

ಆ ಮಾತು ಕೇಳಿ ನಾನು ಮತ್ತೆ ಕೋಡ್ ತೆರೆದೆ. ಶೀರ್ಷಿಕೆಯ ಅಕ್ಷರಗಳ ನಡುವೆ ಸೊನ್ನೆ ಅಂಕಿ ಸಿಕ್ಕಿಕೊಂಡದ್ದನ್ನೆಲ್ಲ ಹುಡುಕಿಸಿದೆ. ನಾನೂರ ಹನ್ನೆರಡು ಕೋಷ್ಟಕ! ಎಷ್ಟು ಜನ ಕೇಳಿದ್ದರೋ, ‘ಲಭ್ಯವಿಲ್ಲ’ ಎಂದು ಎಷ್ಟು ಉತ್ತರ ಹೋಗಿತ್ತೋ. ಬೈಯಲೂ ಯಾರಿಗೂ ತ್ರಾಣವಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿತ್ತು. ಆದೇಶ ಹಿಂಪಡೆಯುವ ಪತ್ರ ಟೈಪ್ ಮಾಡಲು ಉಪನಿರ್ದೇಶಕರು ಕೀಲಿಮಣೆ ಎಳೆದುಕೊಂಡರು. ಗುಬ್ಬಿ ಮೂಗು ಒರೆಸಿಕೊಂಡು ಒಂದು ಬಿಳಿ ಹಾಳೆ, ಪೆನ್ನು ಅವರ ಮುಂದಿಟ್ಟಳು.

“ಇದೊಂದನ್ನ ಕೈಯಲ್ಲೇ ಬರೆದುಕೊಡಿ, ಸಾರ್.”